ಕೆರೆಗಿಳಿದ ಹಾಜರಾತಿ

ಎಲ್ಲಿದ್ದಾನೆ ನಿನ್ನ ಹರಿ ಎಂದು ಕೇಳಿದವನಿಗೆ, ಕೇಳಿದ ಕ್ಷಣದಲ್ಲಿ, ತೋರಿಸಿದ ಕಂಬದಿಂದಲೇ ಉತ್ತರ ಕೊಟ್ಟ ಸ್ವಾಮಿಗೆ ಮೊದಲ ನಮಸ್ಕಾರ. ತಾನಿರುವ ಸ್ಥಳವನ್ನು ಯಾವ ಯಂತ್ರದ ನೆರವೂ ಇಲ್ಲದೆ, ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ತಿಳಿಸಿದವನು ಮೂರು ಲೋಕದಲ್ಲಿ ಅವನೊಬ್ಬನೇ. ಹೇಮಾವತಿಯ ದಡದಲ್ಲಿ ಹೊಳೆನರಸೀಪುರವನ್ನು ಕಾಯುತ್ತ ಕುಳಿತಿರುವ ಆ ನರಸಿಂಹನು ಈ ಕಥೆ ಹೇಳುವವನ ನಾಲಿಗೆಯನ್ನು ಸತ್ಯದ ಅಂಚಿನಲ್ಲಿ ನಿಲ್ಲಿಸಲಿ. ಅಂಚು ಜಾರಿದರೆ, ಕಥೆ ತಾನೇ ಎಂದು ಕ್ಷಮಿಸಲಿ.

ಆ ಸ್ವಾಮಿಯ ಹೆಸರನ್ನೇ ಹೊತ್ತ ಲಕ್ಷ್ಮೀನರಸಿಂಹಯ್ಯನವರು ಅದೇ ಊರಿನವರು. ಹಾಸನದ ಒಂದು ಪಶು ಆಹಾರ ಕಂಪನಿಗೆ ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣ ತಾಲೂಕುಗಳ ಮೇಲ್ವಿಚಾರಕರು. ಹಿಂಡಿ, ಬೂಸಾ ಮಾರುವ ಅಂಗಡಿಗಳಿಗೆ ದಿನವೂ ಹೋಗಿ, ದಾಸ್ತಾನು ನೋಡಿ, ಮುಂದಿನ ಬೇಡಿಕೆ ತಿಳಿದು ಬರುವುದು ಅವರ ಕೆಲಸ. ದುರ್ಗುಣವೆಂಬುದು ಅವರಲ್ಲಿ ಹುಡುಕಿದರೂ ಸಿಕ್ಕದು. ಒಂದು ಅಲ್ಪ ಅಹಂಕಾರ ಮಾತ್ರ ಇತ್ತು. ಕೆಲಸಕ್ಕೆ ಸೇರಿದಂದಿನಿಂದ ಅವರು ಒಂದು ದಿನವೂ ರಜೆ ಹಾಕಿದವರಲ್ಲ. ಅವರಿಗೆ ಜ್ವರ ಬಂದರೆ ಭಾನುವಾರವೇ ಬರುತ್ತಿತ್ತು. ಅವರ ಬಂಧುಗಳು ಹಬ್ಬದ ರಜೆಯನ್ನು ನೋಡಿಕೊಂಡು ಸಾಯುತ್ತಿದ್ದರು. ಇಂಥ ಸಹಕಾರ ಎಲ್ಲರಿಗೂ ದೊರೆಯುವುದಿಲ್ಲ.

ಈ ಅಹಂಕಾರಕ್ಕೆ ಪೆಟ್ಟು ಕೊಟ್ಟದ್ದು ಒಂದು ಫೋನು. ಅದರ ಪೂರ್ವಚರಿತ್ರೆಯನ್ನು ಯುಗಕ್ರಮದಲ್ಲಿ ಹೇಳುವುದು ಉಚಿತ. ಕೃತಯುಗದಲ್ಲಿ ಕಂಪನಿಯವರ ಕೈಯಲ್ಲಿ ಫೋನೇ ಇರಲಿಲ್ಲ. ಸಂಜೆ ಬಂದು 'ಪಟ್ಟಣಕ್ಕೆ ಹೋಗಿದ್ದೆ' ಎಂದರೆ ಹೋದಂತೆಯೇ ಲೆಕ್ಕ. ಧರ್ಮ ನಾಲ್ಕು ಕಾಲಿನ ಮೇಲೆ ನಿಂತಿತ್ತು. ತ್ರೇತಾಯುಗದಲ್ಲಿ ಕಂಪನಿ ಎಲ್ಲರಿಗೂ ಫೋನು ಹಂಚಿತು. ಅವುಗಳಲ್ಲಿ ಏನಾದರೂ ಬದಲಾಯಿಸಬೇಕಾದರೆ ಎಲ್ಲವನ್ನೂ ಬೂಸಾ ಚೀಲದಲ್ಲಿ ತುಂಬಿ ಹಾಸನಕ್ಕೆ ತರಿಸಿ, ಒಂದೊಂದನ್ನೇ ಒತ್ತಿ ತಿದ್ದಿ, ಬೂಸಾ ಕೊಡವಿ ಹಿಂದಿರುಗಿಸುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಹೋಗಿ, ಅರಕಲಗೂಡಿನವರ ಹೆಂಡತಿಯ ಬೈಗುಳವನ್ನು ಬೇಲೂರಿನವರು ಕೇಳಿದ್ದುಂಟು. ದ್ವಾಪರದಲ್ಲಿ ಕಛೇರಿಯ ಹಿಂಗೋಣೆಯಲ್ಲಿ ಒಂದು ಯಂತ್ರ ಪ್ರತಿಷ್ಠಾಪನೆಯಾಯಿತು. ಎಲ್ಲ ಫೋನುಗಳಿಗೂ ಅಲ್ಲಿಂದಲೇ ಆಜ್ಞೆ. ಆದರೆ ಕರೆಂಟು ಹೋದರೆ ಆಜ್ಞೆಯೂ ಹೋಗುತ್ತಿತ್ತು, ಮತ್ತು ಅದು ಹೋಗುವುದನ್ನು ನೌಕರರು ಭಗವತ್ಕೃಪೆಯೆಂದೇ ಭಾವಿಸಿದ್ದರು. ಈಗ ಕಲಿ. ಹಿಂಗೋಣೆಯ ಯಂತ್ರವನ್ನು ಗುಜರಿಗೆ ಕೊಟ್ಟು, ಆ ಆಳ್ವಿಕೆಯನ್ನೆಲ್ಲ 'ಕ್ಲೌಡ್'ಗೆ ಒಪ್ಪಿಸಿದ್ದಾರೆ. ಎಂದರೆ, ಎಲ್ಲೋ ದೂರದಲ್ಲಿ, ಯಾರದೋ ಬಾಡಿಗೆಯ ಗಣಕಯಂತ್ರಗಳಲ್ಲಿ ಎಲ್ಲವೂ ನಡೆಯುತ್ತದೆ. ಹಾಸನದಲ್ಲಿ ಕರೆಂಟು ಹೋದರೂ ನಡೆಯುತ್ತದೆ. ನೌಕರರಿಗೆ ಉಳಿದಿದ್ದ ಒಂದು ದೇವರೂ ಹೀಗೆ ಅಸ್ತಂಗತನಾದನು.

ಈ ಆಳ್ವಿಕೆಯ ಉಸ್ತುವಾರಿ ಶ್ರವಣಬೆಳಗೊಳದ ಧರ್ಮೇಂದ್ರನದು. ಇರುವೆ ಕಂಡರೆ ದಾರಿ ಬಿಡುವ ಸೌಮ್ಯ. ಆದರೆ ಹಾಸನದಲ್ಲಿ ಕುಳಿತು ಯಾವ ಫೋನಿಗಾದರೂ ಬೀಗ ಹಾಕಬಲ್ಲ, ಅದನ್ನು ಕೂಗಿಸಬಲ್ಲ, ಅದರ ಕಣ್ಣಿನಿಂದಲೇ ಚಿತ್ರ ತೆಗೆದು ತರಿಸಿಕೊಳ್ಳಬಲ್ಲ. ಹೊಸ ಫೋನು ಹಂಚಿದ ದಿನ ಅವನು ಲಕ್ಷ್ಮೀನರಸಿಂಹಯ್ಯನವರಿಗೆ ವಿನಯದಿಂದ ವಿವರಿಸಿದ.

"ಸಾರ್, ಮ್ಯಾಪಿನಲ್ಲಿ ನಿಮ್ಮ ಎರಡು ತಾಲೂಕಿನ ಸುತ್ತ ಒಂದು ಬೇಲಿ ಹಾಕಿದ್ದೀನಿ. ಕೆಲಸದ ಹೊತ್ತಲ್ಲಿ ಫೋನು ಬೇಲಿ ದಾಟಿದ್ರೆ ನನಗೆ ಗೊತ್ತಾಗುತ್ತೆ. ಆಫ್ ಮಾಡಿದ್ರೂ ಗೊತ್ತಾಗುತ್ತೆ. ಮನೇಲೇ ಬಿದ್ದಿದ್ರೂ ಗೊತ್ತಾಗುತ್ತೆ."

"ನಾನು ಮಾತಾಡೋದೂ ಕೇಳಿಸುತ್ತೇನಪ್ಪ?"

"ಅದೊಂದು ಇಲ್ಲ ಸಾರ್."

ಈ ಕೊನೆಯ ವಾಕ್ಯವನ್ನು ಲಕ್ಷ್ಮೀನರಸಿಂಹಯ್ಯನವರು ತಮ್ಮ ಬೀದಿಗೆ ತಲುಪಿಸಲಿಲ್ಲ. 'ಹಾಸನದವರು ಕ್ಷಣಕ್ಷಣವೂ ನಮ್ಮನ್ನ ಗಮನಿಸ್ತಾರೆ, ಅಷ್ಟು ಜವಾಬ್ದಾರಿಯ ಹುದ್ದೆ' ಎಂದಷ್ಟೇ ಹೇಳಿದರು. ಪರಿಣಾಮವಾಗಿ ಎದುರು ಮನೆಯ ಬೆಟ್ಟಮ್ಮ ಅವರ ಅಂಗಿಯ ಜೇಬಿಗೆ ಕೈಮುಗಿದು, "ಸಾ, ನಮ್ ಬೀದಿ ನಲ್ಲೀಲಿ ನೀರ್ ಬತ್ತಿಲ್ಲ, ವಸಿ ಯಾರ್ಗಾರ ಏಳಿ" ಎಂದು ಮನವಿ ಸಲ್ಲಿಸತೊಡಗಿದಳು.

ಹೀಗಿರಲು ಮಗಳು ಗೌತಮಿಗೆ ಸಂಬಂಧ ಕೂಡಿಬಂತು. ಊರಿನ ಶಾಲೆಯಲ್ಲಿ ಗಣಿತ ಕಲಿಸುವ ಹುಡುಗಿ. ವರ, ಅರಕಲಗೂಡು ತಾಲೂಕಿನ ಕೊಣನೂರಿನ ಪ್ರದ್ಯುಮ್ನ, ಅಲ್ಲಿಯೇ ಬ್ಯಾಂಕಿನಲ್ಲಿ ಕೆಲಸ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿದ್ದರು. ಒಂದು ಭಾನುವಾರ ಕೊಣನೂರಿನಲ್ಲಿ ನಡೆದ ಮಾತುಕತೆಯಲ್ಲಿ ವರನ ತಂದೆ, ನಿವೃತ್ತ ಮುಖ್ಯೋಪಾಧ್ಯಾಯ ಶಿವಸ್ವಾಮಿಗಳು, ಉಪ್ಪಿಟ್ಟಿನ ನಡುವೆ ಸುಮ್ಮನೆ ಕೇಳಿದರು: "ಕೆಲಸ ಹೇಗಿದೆ?"

"ಸೇರಿದ ದಿನದಿಂದ ಇವತ್ತಿನವರೆಗೆ ಒಂದು ರಜೆ ಹಾಕಿಲ್ಲ ನಾನು."

ಶಿವಸ್ವಾಮಿಗಳ ಚಮಚ ನಿಂತಿತು. "ಓಹೋ" ಎಂದರು, ಮತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆ ಮೌನವನ್ನು ಲಕ್ಷ್ಮೀನರಸಿಂಹಯ್ಯನವರು ಭಕ್ತಿಯೆಂದು ವ್ಯಾಖ್ಯಾನಿಸಿಕೊಂಡರು. ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿಗೆ ಹೇಳಿದರು: "ಗೋದೂ, ಈ ಸಂಬಂಧ ನಿಂತಿರೋದೇ ಆ ಒಂದು ಮಾತಿನ ಮೇಲೆ."

ಅರಕಲಗೂಡಿನ ಇನ್ನೊಂದು ಹೆಣ್ಣಿನ ಜಾತಕವೂ ಶಿವಸ್ವಾಮಿಗಳ ದೇವರ ಮುಂದಿದೆ ಎಂಬುದನ್ನು ಗೋದಮ್ಮನವರು ಅಡುಗೆಮನೆಯ ಮೂಲದಿಂದ ತಿಳಿದುಕೊಂಡಿದ್ದರು. ನಿಶ್ಚಿತಾರ್ಥಕ್ಕೆ ಗೊತ್ತಾದದ್ದು ಒಂದು ಗುರುವಾರದ ಮಧ್ಯಾಹ್ನ, ಕೊಣನೂರಿನಲ್ಲೇ, ಏಕೆಂದರೆ ವರನ ಅಜ್ಜಿ ಹಾಸಿಗೆ ಬಿಟ್ಟು ಏಳಲಾರರು. ಆ ಗುರುವಾರ ತಪ್ಪಿದರೆ ಆಷಾಢ. ಆಷಾಢ ಕಳೆಯುವಷ್ಟು ಹೊತ್ತಿಗೆ ಎರಡು ಜಾತಕಗಳ ನಡುವೆ ದೇವರು ಏನು ಯೋಚಿಸುತ್ತಾನೋ ಹೇಳಬರುವುದಿಲ್ಲ.

"ಒಂದು ದಿನ ರಜೆ ಹಾಕಿ" ಎಂದರು ಗೋದಮ್ಮ.

"ರಜೆಯೇ ಹಾಕದವನು ಅಂತ ಅವರ ಮುಂದೆ ಹೇಳಿ, ರಜೆ ಹಾಕ್ಕೊಂಡು ಅವರ ಮನೆಗೇ ಹೋಗೋದೆ? ಯಾವ ಮುಖ ಇಟ್ಕೊಂಡು?"

"ಹಾಗಾದ್ರೆ ಆ ಮುಖಾನ ಚನ್ನರಾಯಪಟ್ಟಣಕ್ಕೆ ತಗೊಂಡು ಹೋಗಿ. ನಾವು ಹೋಗಿ ಬರ್ತೀವಿ."

"ಅಪ್ಪ ಬರದಿದ್ರೆ ನಾನೂ ಬರಲ್ಲ" ಎಂದಳು ಗೌತಮಿ.

ಕೊಣನೂರು ಬೇಲಿಯ ಆಚೆ. ಫೋನು ಹಿಡಿದು ಹೋದರೆ ಹಾಸನಕ್ಕೆ ತಿಳಿಯುತ್ತದೆ, ಮನೆಯಲ್ಲಿಟ್ಟರೆ ತಿಳಿಯುತ್ತದೆ, ಆಫ್ ಮಾಡಿ ಬಾಯಿ ಮುಚ್ಚಿಸಿದರೂ ತಿಳಿಯುತ್ತದೆ. ಚಿಂತೆಯಲ್ಲಿದ್ದ ಲಕ್ಷ್ಮೀನರಸಿಂಹಯ್ಯನವರಿಗೆ ದೇವಸ್ಥಾನದಲ್ಲಿ ಕೇಳಿದ್ದ ಒಂದು ಉಪನ್ಯಾಸ ಸ್ಮರಣೆಗೆ ಬಂತು. ಯಾಗಕ್ಕೆ ಹೇಳಿದ ದ್ರವ್ಯ ದೊರೆಯದಿದ್ದರೆ ಅದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದು. ಬಾರದ ವ್ಯಕ್ತಿಯ ಮಣೆಯ ಮೇಲೆ ದರ್ಭೆಯ ಕೂರ್ಚವನ್ನು ಕೂರಿಸಿ, ಬಂದನೆಂದೇ ಭಾವಿಸಬಹುದು. ಇದು ಪ್ರತಿನಿಧಿಯ ನ್ಯಾಯ. ಪಂಡಿತರು ಮುಂದುವರಿದು, 'ಆದರೆ ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲ, ಅವನು ತಾನೇ ಕೂರಬೇಕು' ಎಂದೂ ಹೇಳಿದ್ದರು. ಅಷ್ಟರಲ್ಲಿ ಪುಳಿಯೋಗರೆ ಹಂಚಲು ಆರಂಭವಾದುದರಿಂದ ನಮ್ಮವರು ಆ ಉತ್ತರಾರ್ಧದ ವೇಳೆಗೆ ಸಾಲಿನಲ್ಲಿದ್ದರು. ಶಾಸ್ತ್ರವನ್ನು ಕೇಳದವನು ಕ್ಷೇಮ. ಪೂರ್ತಿ ಕೇಳಿದವನೂ ಕ್ಷೇಮ. ಅರ್ಧಕ್ಕೆ ಎದ್ದವನನ್ನು ದೇವರೇ ಕಾಯಬೇಕು.

ಗುರುವಾರ ಬೆಳಿಗ್ಗೆ ಅವರು ಕ್ಷೌರ ಮಾಡಿಸಿಕೊಂಡು, ಎಂದಿನಂತೆ ಹಾಜರಿಯ ಚಿತ್ರವನ್ನು ಕಛೇರಿಗೆ ಕಳುಹಿಸಿ, ಫೋನಿಗೆ ಅಕ್ಷತೆ ಹಾಕಿ, 'ನನ್ನ ಸ್ಥಾನದಲ್ಲಿ ನೀನಿರು' ಎಂದು ಸಂಕಲ್ಪ ಮಾಡಿ, ಪರಿಚಯದ ರೈತ ಚನ್ನಪ್ಪನ ಕೈಗೆ ಕೊಟ್ಟರು. ಚನ್ನಪ್ಪ ಅಂದು ಚನ್ನರಾಯಪಟ್ಟಣದ ಬಳಿಯಿರುವ ಬಾಣಂತಿ ಮಗಳ ಮನೆಗೆ, ಹಾಲಿಗಾಗಲಿ ಎಂದು ಒಂದು ಕಪ್ಪು ಹಸುವನ್ನು ಟೆಂಪೊದಲ್ಲಿ ಒಯ್ಯುವವನಿದ್ದ.

"ದಾರೀಲಿ ನಮ್ಮ ಎರಡು ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಲ್ಸು. ಸಂಜೆ ವಾಪಸ್ ತಂದುಕೊಡು. ಜೇಬಲ್ಲಿಟ್ಕೊ, ಅಷ್ಟೆ ಕೆಲಸ."

"ಜೇಬ್ನಾಗಾ? ಬ್ಯಾಡಿ ಸಾ. ನಾನು ದಾರಿ ಉದ್ದಕ್ಕೂ ಮಾತಾಡೋನು. ಬೀಗ್ರ ಇಸ್ಯ ಬತ್ತದೆ, ಪಂಚಾಯ್ತಿ ಇಸ್ಯ ಬತ್ತದೆ. ಅದೆಲ್ಲ ಆಸನದೋರ್ಗೆ ಯಾಕೆ ಕೇಳಿಸ್ಬೇಕು?"

"ಎಲ್ಲಾದ್ರೂ ಇಟ್ಕೊ ಮಾರಾಯ. ಬೀಳಿಸಬೇಡ."

ಚನ್ನಪ್ಪ ಯೋಚಿಸಿದ. ಟೆಂಪೊದಲ್ಲಿ ಬಾಯಿ ಬಿಗಿಹಿಡಿಯಬಲ್ಲ ಪ್ರಾಣಿ ಒಂದೇ ಇತ್ತು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಸುವಿನ ಕೊರಳ ಗಂಟೆಯ ಜೊತೆಗೆ ಭದ್ರವಾಗಿ ಕಟ್ಟಿದ. ಇತ್ತ ಲಕ್ಷ್ಮೀನರಸಿಂಹಯ್ಯನವರು, 'ಯಾರಾದ್ರೂ ಕೇಳಿದ್ರೆ ಡ್ಯೂಟಿಗೆ ಹೋಗಿದ್ದಾರೆ ಅನ್ನು' ಎಂದು ಬೆಟ್ಟಮ್ಮನಿಗೆ ಹೇಳಿ, ಸಂಸಾರಸಮೇತ ಕೊಣನೂರಿನ ಕಾರು ಹತ್ತಿದರು.

ಹಾಸನದ ಕಛೇರಿಯ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಹೊಳೆನರಸೀಪುರದಿಂದ ಹೊರಟಿತು. ಅಂಗಡಿಯೊಂದರ ಮುಂದೆ ನಿಂತಿತು. ಇನ್ನೊಂದರ ಮುಂದೆಯೂ ನಿಂತಿತು. ಧರ್ಮೇಂದ್ರ ತೃಪ್ತನಾದ. ಅನಂತರ ಚುಕ್ಕೆ ರಸ್ತೆ ಬಿಟ್ಟಿತು. ಗದ್ದೆಯ ಮೇಲೆ ಮೆಲ್ಲಗೆ ನಡೆದು, ಮ್ಯಾಪಿನಲ್ಲಿ ನೀಲಿ ಬಣ್ಣ ಬಳಿದ ಭಾಗಕ್ಕೆ ಇಳಿದು ನಿಂತಿತು. ಅವನು ವ್ಯವಸ್ಥಾಪಕ ಸಿದ್ದೇಶ್ವರರನ್ನು ಕರೆದ.

"ಸಾರ್, ಲಕ್ಷ್ಮೀನರಸಿಂಹಯ್ಯನವರು ಕೆರೆಯಲ್ಲಿದ್ದಾರೆ."

"ದಡದಲ್ಲಾ?"

"ಒಳಗೆ."

"ಸಂಧ್ಯಾವಂದನೆ ಇರಬೇಕು ಕಣಯ್ಯ. ಆಚಾರವಂತರು."

"ಈಗ ಹನ್ನೊಂದೂವರೆ ಸಾರ್."

"ಮಧ್ಯಾಹ್ನದ್ದೂ ಒಂದಿರುತ್ತಂತೆ."

ಮಧ್ಯಾಹ್ನದ್ದು ಎಷ್ಟು ದೀರ್ಘವಾಗಿದ್ದರೂ ಮುಗಿಯಬೇಕಾದ ಹೊತ್ತು ಮೀರಿತು. ಧರ್ಮೇಂದ್ರ ಕರೆ ಮಾಡಿದ, ಉತ್ತರವಿಲ್ಲ. ಆಗ ಅವನು ಕಳೆದುಹೋದ ಫೋನನ್ನು ಕೂಗಿಸುವ ಗುಂಡಿ ಒತ್ತಿದ. ಟೆಂಪೊ ಇಳಿದ ಮೇಲೆ ಕೆರೆಗೆ ಹೋಗಿ ಹೊಟ್ಟೆಯುದ್ದ ನೀರಿನಲ್ಲಿ ತಂಪಾಗಿ ನಿಂತು ಕಣ್ಣು ಮುಚ್ಚಿದ್ದ ಹಸುವಿಗೆ ತನ್ನ ಕೊರಳಿನಿಂದಲೇ ಆಂಬುಲೆನ್ಸಿನ ಸದ್ದು ಹೊರಟದ್ದು ಜನ್ಮದಲ್ಲೇ ಮೊದಲು. ಅದು ದಿಕ್ಕು ನೋಡದೆ ಓಡಿತು; ದಿಕ್ಕು ಕೆರೆಯ ನಡುವಿನದಾಗಿತ್ತು.

"ಒಳಕ್ಕೆ ಹೋಗ್ತಿದ್ದಾರೆ ಸಾರ್."

"ಮುಳುಗ್ತಿದ್ದಾರಾ?"

"ಹೌದು ಸಾರ್. ಆದರೆ ಓಡಿಕೊಂಡು."

"ಚಿತ್ರ ತೆಗಿ, ಚಿತ್ರ ತೆಗಿ."

ಚಿತ್ರ ಬಂತು. ಕಪ್ಪಗೆ, ಒದ್ದೆಯಾಗಿ, ತುಂಬ ರೋಮದಿಂದ ಕೂಡಿದ ಏನೋ ಒಂದು. ಸಿದ್ದೇಶ್ವರರು ಬೆಳಗಿನ ಹಾಜರಿಯ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡಿದರು. ಬೆಳಿಗ್ಗೆ ನುಣ್ಣಗೆ ಕ್ಷೌರವಾದ ಮುಖ.

"ನೀರು ಮನುಷ್ಯನನ್ನ ಏನು ಮಾಡಿಬಿಡುತ್ತೆ ನೋಡು" ಎಂದರು ಸಿದ್ದೇಶ್ವರರು, ಗದ್ಗದಿತರಾಗಿ. ಹಸಿರು ಚುಕ್ಕೆ ಬೂದಿಯ ಬಣ್ಣಕ್ಕೆ ತಿರುಗಿ ಆರಿತು.

ಚನ್ನರಾಯಪಟ್ಟಣದ ಅಂಗಡಿಯ ಕೆಂಚಯ್ಯನಿಗೆ, ಈಜು ಬಲ್ಲವರನ್ನು ಕರೆದುಕೊಂಡು ಕೆರೆಗೆ ಹೋಗುವಂತೆ ಫೋನು ಹೋಯಿತು. ಮನೆಯವರಿಗೆ? "ಇಂಥ ಸುದ್ದಿ ಫೋನಿನಲ್ಲಿ ಹೇಳಬಾರದು. ಸಂಸ್ಕಾರವಂತರ ಮನೆ" ಎಂದು ಸಿದ್ದೇಶ್ವರರು ತಾವೇ ಜೀಪು ಹತ್ತಿದರು. ಹೊಳೆನರಸೀಪುರದ ಮನೆಗೆ ಬೀಗ. ಬೆಟ್ಟಮ್ಮ ಜಗಲಿಯಲ್ಲಿದ್ದಳು.

"ಲಕ್ಷ್ಮೀನರಸಿಂಹಯ್ಯನವರು..."

"ಡ್ಯೂಟಿಗೆ ಓಗವ್ರೆ ಸಾ." ಹೇಳಿಕೊಟ್ಟ ಪಾಠವನ್ನು ಆಕೆ ಎಲ್ಲಿಯೂ ತಪ್ಪದೆ ಒಪ್ಪಿಸಿದಳು.

"ಮನೆಯವರು?"

"ಕೊಣನೂರ್ಗೆ. ಇವತ್ತು ಮಗೀ ನಿಸ್ಚಿತಾರ್ಥ ಅಲ್ವರಾ, ಶಿವಸ್ವಾಮಿ ಮೇಷ್ಟ್ರ ಮನೇಲಿ."

ಸಿದ್ದೇಶ್ವರರು ಕಂಬ ಹಿಡಿದುಕೊಂಡರು. "ಮಗಳ ನಿಶ್ಚಿತಾರ್ಥದ ದಿನವೂ ಡ್ಯೂಟಿ."

"ಊಂ ಸಾ. ಅವ್ರು ಅಂಗೇಯ."

ಜೀಪು ಅರಕಲಗೂಡಿನಲ್ಲಿ ಒಂದು ಕ್ಷಣ ನಿಂತು ಒಂದು ದೊಡ್ಡ ಹೂವಿನ ಹಾರವನ್ನು ಹತ್ತಿಸಿಕೊಂಡು ಕೊಣನೂರು ತಲುಪಿತು. ಚಪ್ಪರದ ಬಾಗಿಲಲ್ಲಿ ಹಾರ ಹಿಡಿದು ನಿಂತ ಗಣ್ಯರನ್ನು ಕಂಡು ಹೆಂಗಸರು ಸಂಭ್ರಮದಿಂದ ಪನ್ನೀರು ಚಿಮುಕಿಸಿದರು. ಕೈಗೆ ಪಾನಕ ಕೊಟ್ಟು ಕುರ್ಚಿ ಹಾಕಿದರು. ತಂದೆ ನೀರುಪಾಲಾಗಿರುವಾಗ ಈ ಜನ ಇನ್ನೂ ಏನೂ ಅರಿಯರಲ್ಲ ಎಂದು ಸಿದ್ದೇಶ್ವರರ ಎದೆ ಬಿರಿಯಿತು. ಅವರು ಶಿವಸ್ವಾಮಿಗಳನ್ನು ಜಗಲಿಯ ಮೂಲೆಗೆ ಕರೆದರು.

"ನಾನು ಅವರ ಕಂಪನಿಯವನು. ಹೇಗೆ ಹೇಳಲಿ ಸಾರ್. ಲಕ್ಷ್ಮೀನರಸಿಂಹಯ್ಯನವರು ಕೆರೆಯಲ್ಲಿ... ಇನ್ನಿಲ್ಲ."

ಶಿವಸ್ವಾಮಿಗಳು ತಿರುಗಿ ನಡುಮನೆಯತ್ತ ನೋಡಿದರು. ಲಕ್ಷ್ಮೀನರಸಿಂಹಯ್ಯನವರು ಜರಿಯ ಶಲ್ಯ ಹೊದ್ದು, ಮಡಿಲಲ್ಲಿ ತಾಂಬೂಲದ ತಟ್ಟೆ ಇಟ್ಟುಕೊಂಡು ಮಣೆಯ ಮೇಲೆ ಕುಳಿತಿದ್ದರು.

"ಯಾವಾಗ?"

"ಎರಡು ಗಂಟೆಯ ಮೇಲಾಯ್ತು."

"ಎರಡು ಗಂಟೆ ಮುಂಚೆ ನನ್ನ ಜೊತೆ ಕಾಫಿ ಕುಡೀತಿದ್ರಲ್ಲ."

"ದುಃಖದಲ್ಲಿ ಹಾಗೆಲ್ಲ ಅನ್ನಿಸುತ್ತೆ ಸಾರ್" ಎಂದು ಸಿದ್ದೇಶ್ವರರು ಅವರ ಬೆನ್ನು ಸವರಿದರು.

ಇಷ್ಟು ಮಾತು ಪುರೋಹಿತರ ಕಿವಿಗೆ ಬಿತ್ತು. ಅವರು ಮಂತ್ರ ನಿಲ್ಲಿಸಿದರು. "ಹೆಣ್ಣಿನ ತಂದೆಗೆ ಏನೋ ಆಗಿದೆಯಂತೆ. ನಿಜವಾದರೆ ಸೂತಕ, ತಾಂಬೂಲ ಬದಲಾಯಿಸೋ ಹಾಗಿಲ್ಲ. ಸುಳ್ಳಾದರೆ ಬೇಗ ಸುಳ್ಳು ಅನ್ನಿ, ಲಗ್ನ ಮುಗೀತಾ ಬಂತು." ವರನ ಸೋದರತ್ತೆ, ಯಾರಿಗೂ ಅಲ್ಲವೆಂಬಂತೆ, "ಅರಕಲಗೂಡಿನವರು ಇನ್ನೂ ಕಾಯ್ತಾನೇ ಇದ್ದಾರೆ" ಎಂದರು.

ಲಕ್ಷ್ಮೀನರಸಿಂಹಯ್ಯನವರಿಗೆ ಜಗಲಿಯಿಂದ ಬಂದ ಧ್ವನಿ ಯಾರದೆಂದು ತಿಳಿಯಿತು. ಗೋದಮ್ಮನವರು ಬಾಗಿ ಪಿಸುಗುಟ್ಟಿದರು: "ಹಿತ್ತಲ ಬಾಗಿಲು ತೆಗೆದಿದೆ. ಹೊರಟುಬಿಡಿ. ಸಾಯಂಕಾಲ ಬದುಕಿ ಬನ್ನಿ."

"ಬೇಡ ಅಪ್ಪ" ಎಂದಳು ಗೌತಮಿ. "ನೀವು ಸತ್ತಿದ್ರೆ ನಿಶ್ಚಿತಾರ್ಥ ಖಂಡಿತ ನಿಲ್ಲುತ್ತೆ. ಸುಳ್ಳು ಹೇಳಿದೀರಿ ಅಂತಾದ್ರೆ ನಿಲ್ಲಬಹುದು, ಅಷ್ಟೆ. ಎರಡನೇದೇ ವಾಸಿ."

ಗಣಿತದ ಮುಂದೆ ವಾದವಿಲ್ಲ. ಅವರು ಎದ್ದು, ತಟ್ಟೆಯನ್ನು ಮಗಳ ಕೈಗೆ ಕೊಟ್ಟು, ಜಗಲಿಗೆ ನಡೆದರು.

"ಸಾರ್, ನಾನಿದ್ದೀನಿ."

ಸಿದ್ದೇಶ್ವರರು ಮೇಲೆದ್ದರು. ಪಾನಕದ ಲೋಟ ಉರುಳಿತು. ಮುಂದೆ ಬಂದು ಅವರ ತೋಳನ್ನು, ಭುಜವನ್ನು, ಕೊನೆಗೆ ಕೆನ್ನೆಯನ್ನು ಮುಟ್ಟಿ ನೋಡಿದರು. "ಒಣಗಿದ್ದೀರಲ್ಲ" ಎಂದರು. ಅಷ್ಟರಲ್ಲಿ ಅವರ ಜೇಬಿನ ಫೋನು ಮೊಳಗಿತು. ಕೆಂಚಯ್ಯನ ಕಂಠಕ್ಕೆ ಫೋನಿನ ಅಗತ್ಯವೇ ಇರಲಿಲ್ಲ, ಚಪ್ಪರದವರೆಗೂ ಕೇಳಿಸಿತು.

"ಸಾ, ಸಿಕ್ಬುಟ್ರು."

"ಯಾರು?"

"ನಿಮ್ಮೋರೇಯ. ಜೀವಕ್ಕೇನಿಲ್ಲ ಸಾ. ದಡುಕ್ ಬಂದು ಮೇಯ್ತಾವ್ರೆ. ಕತ್ನಾಗೆ ಗಂಟೆ ಜತೇಲಿ ನಿಮ್ ಕಂಪ್ನಿ ಫೋನ್ ಐತೆ. ಇಲ್ಲೊಬ್ಬ ಚನ್ನಪ್ಪ ಅಂತ ಅವ್ನೆ, ಫೋನ್ ಮುಂದೆ ಬಾಯೇ ಬಿಡಾಕಿಲ್ಲ ಅಂತಾನೆ. ಇಬ್ರಲ್ಲಿ ಯಾರ್ನ ಕಳ್ಸನ ಸಾ?"

ಸಿದ್ದೇಶ್ವರರು ಫೋನನ್ನು ಕಿವಿಯಿಂದ ಇಳಿಸಿ ಲಕ್ಷ್ಮೀನರಸಿಂಹಯ್ಯನವರನ್ನು ನೋಡಿದರು.

"ನಾನು ಬೆಳಿಗ್ಗೆಯಿಂದ ಇಲ್ಲೇ ಇದ್ದೆ ಸಾರ್. ಫೋನನ್ನ ನನ್ನ ಬದಲು ಕಳಿಸಿದ್ದೆ. ಹಸು ವಿಷಯ ನನಗೆ ಗೊತ್ತಿರಲಿಲ್ಲ." ಆಮೇಲೆ ಬೀಗರ ಕಡೆ ತಿರುಗಿದರು, ಕೈ ತಾನಾಗಿ ಮುಗಿದುಕೊಂಡಿತು. "ರಜೆ ಹಾಕದವನು ಅಂತ ನಿಮ್ಮ ಮುಂದೆ ಹೇಳ್ಕೊಂಡಿದ್ದೆ. ಆ ಮಾತು ಉಳಿಸ್ಕೊಳ್ಳೋಕೆ ಹೀಗೆ ಮಾಡಿದೆ. ತಪ್ಪು ನನ್ನದು, ಮಗೂದಲ್ಲ. ಇನ್ನು ನಿಮ್ಮ ಚಿತ್ತ."

ಶಿವಸ್ವಾಮಿಗಳು ಕನ್ನಡಕ ತೆಗೆದು ಶಲ್ಯದ ಅಂಚಿನಿಂದ ಒರೆಸತೊಡಗಿದರು. ಪುರೋಹಿತರು ಗಡಿಯಾರ ನೋಡಿದರು.

"ಆವತ್ತು ನೀವು ಆ ಮಾತು ಹೇಳಿದ್ರಲ್ಲ" ಎಂದರು ಶಿವಸ್ವಾಮಿಗಳು, "ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಒಂದು ದಿನವೂ ರಜೆ ಹಾಕದ ಮನುಷ್ಯ ಎಂಥವನಪ್ಪಾ. ಮಗಳ ಮದುವೆಗಾದ್ರೂ ಬರ್ತಾನೋ, ಧಾರೆ ಎರೆಯೋಕೆ ಬೇರೆ ಯಾರನ್ನಾದ್ರೂ ಕಳಿಸ್ತಾನೋ ಅಂತ. ಅರಕಲಗೂಡಿನ ಜಾತಕ ಹಿಂದಕ್ಕೆ ಕೊಡದೆ ಇಟ್ಕೊಂಡಿದ್ದೇ ಆ ಭಯಕ್ಕೆ." ಕನ್ನಡಕ ಏರಿತು. "ಈಗ ನೋಡಿದ್ರೆ ಡ್ಯೂಟಿಗೆ ಹಸು ಹೋಗಿದೆ, ಮಗಳ ಕಾರ್ಯಕ್ಕೆ ನೀವು ಬಂದಿದೀರಿ. ತಿರುವುಮುರುವಾಗಿದ್ದಿದ್ರೆ ಕಷ್ಟವಿತ್ತು. ಪ್ರದ್ಯುಮ್ನ, ಆ ಜಾತಕ ತೆಗೆದು ನಿಮ್ಮತ್ತೆ ಕೈಗೆ ಕೊಡು. ಅವಳೇ ಹಿಂದಕ್ಕೆ ಕೊಟ್ಟು ಬರಲಿ."

"ತಾವು ಹೇಳೋದೇನೋ ಸರಿ" ಎಂದರು ಸಿದ್ದೇಶ್ವರರು, ಇನ್ನೂ ನಿಂತೇ. "ಆದರೆ ಇವರಿಗೋಸ್ಕರ ನಾನು ಹಾಸನದಿಂದ ಇಲ್ಲಿತನಕ ಅತ್ತಿದ್ದೀನಿ. ಅದನ್ನ ಯಾರು ವಾಪಸ್ ಕೊಡ್ತಾರೆ?"

ಲಕ್ಷ್ಮೀನರಸಿಂಹಯ್ಯನವರು ಗಂಟಲು ಸರಿಪಡಿಸಿಕೊಂಡರು. ಎಂದೂ ಆಡದ ಮಾತು. ನಾಲಿಗೆಗೆ ದಾರಿ ತಿಳಿಯದು. "ಸಾರ್, ಇವತ್ತು... ನನಗೆ ಒಂದು ದಿನ ರಜೆ ಬೇಕು."

ಸಿದ್ದೇಶ್ವರರು ಯೋಚಿಸಿದರು. "ಅರ್ಧ ದಿನ ತಗೊಳ್ಳಿ. ಬೆಳಿಗ್ಗೆ ಎರಡು ಅಂಗಡಿಗೆ ಹೋಗಿ ಬಂದಿದೆ, ಅದನ್ನ ನಾನು ಅಲ್ಲಗಳೆಯೋ ಹಾಗಿಲ್ಲ. ನಾಳೆ ಬಂದು ನನ್ನನ್ನ ನೋಡಿ. ಬೈಯೋದಿದೆ." ಅನಂತರ ಧರ್ಮೇಂದ್ರನಿಗೆ ಫೋನು ಮಾಡಿ, ಇನ್ನು ಮುಂದೆ ಹೊತ್ತುಹೊತ್ತಿಗೂ ಎಲ್ಲರ ಮುಖದ ಚಿತ್ರ ಕೇಳುವಂತೆ ಫೋನುಗಳಿಗೆ ಆಜ್ಞೆ ಹೊರಡಿಸಿದರು. ಮನುಷ್ಯನದೇ ಮುಖ ಎಂದು ಒತ್ತಿ ಹೇಳಿದರು. ಆ ಆಜ್ಞೆ ಬೂಸಾ ಚೀಲವನ್ನೂ ಹಿಂಗೋಣೆಯನ್ನೂ ಬಯಸದೆ ಜಿಲ್ಲೆಯ ಜೇಬುಗಳನ್ನೆಲ್ಲ ಅದೇ ಕ್ಷಣ ತಲುಪಿತು. ಕಲಿ ಇನ್ನೊಂದು ಹೆಜ್ಜೆ ಮುಂದೆ ಹೋದ.

ಪುರೋಹಿತರು ತಟ್ಟೆಯನ್ನು ಮತ್ತೆ ನಡುವಿಗೆ ತಂದರು. "ಲಗ್ನ ಇನ್ನೂ ಇದೆ. ಹೆಣ್ಣಿನ ತಂದೆ ಎಲ್ಲಿ?"

"ಇಲ್ಲಿದ್ದೀನಿ" ಎಂದು ಲಕ್ಷ್ಮೀನರಸಿಂಹಯ್ಯನವರು ಮಣೆಯ ಮೇಲೆ ಕುಳಿತರು. ಅಷ್ಟು ಹೊತ್ತೂ ತಟ್ಟೆಯನ್ನು ಹಿಡಿದಿದ್ದ ಗೌತಮಿ, ತಂದೆಯ ಬೆರಳುಗಳನ್ನು ತಾನೇ ತಟ್ಟೆಯ ಅಂಚಿಗೆ ಕೂಡಿಸಿದಳು. ತಾಂಬೂಲ ಬದಲಾಯಿತು.

ಈ ಕಥೆಯನ್ನು ಕೇಳಿದವರ ಮನೆಯ ಶುಭಕಾರ್ಯಗಳು ಲಗ್ನ ಮೀರದೆ ನಡೆಯಲಿ. ಹೆಣ್ಣು ಹೆತ್ತವರಿಗೆ ತಿಳಿದ ಬೀಗರು, ದುಡಿಯುವವರಿಗೆ ಅಳಬಲ್ಲ ಅಧಿಕಾರಿಗಳು ದೊರೆಯಲಿ. ಬೇಕಾದವರು ಬೇಕಾದ ಹೊತ್ತಿಗೆ ಪಕ್ಕದಲ್ಲೇ ಇರಲಿ. ಹುಡುಕಿಸಿಕೊಂಡವರೆಲ್ಲ ಸುರಕ್ಷಿತವಾಗಿ ಸಿಗಲಿ. ಓದಿದವರಿಗೂ, ಪಕ್ಕದಲ್ಲಿ ಕುಳಿತು ಕೇಳಿದವರಿಗೂ, ನಡುವೆ ಎದ್ದು ಹೋದವರಿಗೂ ಸ್ವಾಮಿಯು ಮಂಗಳವನ್ನುಂಟುಮಾಡಲಿ.